ಬಾಗಿಲ ಪಟ್ಟಿಗೆ ಇನ್ನೊಂದು ಕೈ

ಗ್ಯಾರೇಜಿನ ಬಾಗಿಲು ಮುಚ್ಚಿ, ದೀಪ ಆರಿಸಿ, ಹಗಲು ಹೊತ್ತಿನಲ್ಲಿ ಒಳಗೆ ನಿಂತರೆ ಬಾಗಿಲಿನ ಹುಳುಕೆಲ್ಲ ಬೆಳಕಾಗಿ ಕಾಣುತ್ತದೆ. ಆರ್ಡಿಸ್ ಪ್ರತಿ ಅಕ್ಟೋಬರಿನಲ್ಲೂ ಹಾಗೆ ನಿಂತು ನೋಡುತ್ತಿದ್ದಳು. ಈ ಸಲ ನೆಲದುದ್ದಕ್ಕೂ ಬೆಳಕಿನ ಗೆರೆ. ಬಾಗಿಲ ಅಡಿಯ ರಬ್ಬರು ಪಟ್ಟಿ ಒಣಗಿ ಸೀಳಿತ್ತು.

ಅಮೆರಿಕದ ಉತ್ತರ ತುದಿಯ ಮಿನೆಸೋಟದ ಚಳಿ ಇಂಥ ಸಂದಿಗೇ ಕಾದಿರುತ್ತದೆ. ಒಳಗೆ ಮರದಪುಡಿ ತುಂಬಿದ ಡಬ್ಬಗಳಲ್ಲಿ ಅವಳ ತಾಯಿ ಬಿಟ್ಟುಹೋದ ಡೇಲಿಯಾ ಹೂವಿನ ಗೆಡ್ಡೆಗಳು ಮಲಗಿದ್ದವು. ಮನೆಯೊಳಗಿಟ್ಟರೆ ಬಿಸಿಗೆ ಸುಕ್ಕುಗಟ್ಟುತ್ತವೆ, ಹಿಮಗಾಳಿ ತಾಗಿದರೆ ಕೊಳೆತು ನೀರಾಗುತ್ತವೆ. ಇವು ಹೋದರೆ ಆ ವಂಶವೇ ಹೋದಂತೆ. ನಾಳೆ ರಾತ್ರಿಯಿಂದ ಕಡುಚಳಿ ಎಂದು ರೇಡಿಯೋ ಹೇಳಿತ್ತು.

ಹೊಸ ಪಟ್ಟಿ ತಂದಾಗಿತ್ತು. ಆದರೆ ಅದನ್ನು ಬಾಗಿಲಡಿಯ ತೋಡಿನೊಳಗೆ ಒಬ್ಬರು ಈ ತುದಿಯಿಂದ ತೂರಿಸಬೇಕು, ಇನ್ನೊಬ್ಬರು ಆ ತುದಿಯಿಂದ ಎಳೆಯಬೇಕು. ಎಳೆಯಬೇಕಾದ ಗಂಡ ಆರ್ವಿಲ್ ಏಣಿಯಿಂದ ಬಿದ್ದು, ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಕೂತಿದ್ದ.

"ಎದುರುಮನೆಯವ್ನು ಬಂದಿದ್ದನಲ್ಲ, ಸಹಾಯ ಮಾಡ್ಲಾ ಅಂತ?" ಆರ್ವಿಲ್ ಕೇಳಿದ.

"ಬಂದಿದ್ದ. ಬೇಡ ಅಂದೆ. ಇನ್ನೊಂದ್ಸಲ ಕೇಳ್ದ. ಅಯ್ಯೋ, ನಿನಗ್ಯಾಕಪ್ಪ ತೊಂದ್ರೆ ಅಂದೆ."

"ಆಮೇಲೆ?"

"ಆಮೇಲೇನು, ಸರಿ ಅಂತ ಹೊರಟೇ ಹೋದ."

"ಮೂರನೇ ಸಲ ಕೇಳ್ಲೇ ಇಲ್ವಾ?"

"ಕೇಳಿದ್ರೆ ಹೂಂ ಅಂತಿರ್ಲಿಲ್ವಾ? ಎರಡೇ ಸಲಕ್ಕೆ ಹೂಂ ಅನ್ನೋಕೆ ನಾನೇನು ಮಾನ ಬಿಟ್ಟೋಳಾ?"

ಇಬ್ಬರೂ ಕಿಟಕಿಯಿಂದ ಇಣುಕಿದರು. ಈ ಬೇಸಿಗೆಯಲ್ಲಷ್ಟೇ ಅರಿಜೋನಾದ ಮರಳುಗಾಡಿನಿಂದ ಎದುರುಮನೆಗೆ ಬಂದಿಳಿದಿದ್ದ ರೂಬೆನ್ ಎಲೆ ಗುಡಿಸುತ್ತಿದ್ದ. ಸಿಟ್ಟೋ, ಸೊಕ್ಕೋ, ಮರೆವೋ, ಆರ್ಡಿಸಳಿಗೆ ತಲೆಬುಡ ತಿಳಿಯಲಿಲ್ಲ. ಸಂಜೆಯತನಕ ಅವನ ಕಣ್ಣಿಗೆ ಬೀಳುವಂತೆ ಪಟ್ಟಿ ಹಿಡಿದು ಅಂಗಳದಲ್ಲಿ ಸುಳಿದಾಡಿದಳು. ಅವನು ಕೈಬೀಸಿ ನಕ್ಕ, ಅಷ್ಟೇ.

ಬೆಳಗ್ಗೆ ನೋಡಿದರೆ ಹಕ್ಕಿಗಳಿಗಿಟ್ಟ ನೀರು ಹೆಪ್ಪುಗಟ್ಟಿತ್ತು. ಮಾನಕ್ಕಿಂತ ಗೆಡ್ಡೆ ದೊಡ್ಡದಾಯಿತು. ರಸ್ತೆ ದಾಟಿ ಅವನ ಬಾಗಿಲು ತಟ್ಟಿದಳು.

"ರೂಬೆನ್, ಎರಡು ಸಲ ಕೇಳಿ ಯಾಕಪ್ಪ ನಿಲ್ಲಿಸ್ಬಿಟ್ಟೆ?"

"ನೀವೇ ಬೇಡ ಅಂದ್ರಲ್ಲಮ್ಮ."

"ಬೇಡ ಅಂದ್ರೆ ಇನ್ನೊಂದ್ಸಲ ಕೇಳು ಅಂತ."

ಅವನು ತಲೆ ಕೆರೆದುಕೊಂಡ. "ಮತ್ತೆ ನಿಜವಾಗ್ಲೂ ಬೇಡದಿದ್ರೆ ಏನಂತೀರಿ?"

ಹುಟ್ಟಿದಾಗಿನಿಂದ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. "ಮೊದ್ಲು ಬಾ," ಎಂದಳು.

ಸೋಪಿನ ನೀರು ಸವರಿ ಅವಳು ತೂರಿಸಿದಳು, ಅವನು ಎಳೆದ, ಆರ್ವಿಲ್ ಕುರ್ಚಿಯಲ್ಲೇ ಕೂತು ಯಜಮಾನಿಕೆ ಮಾಡಿದ. ಬಾಗಿಲು ಇಳಿಸಿ ದೀಪ ಆರಿಸಿದರು. ಒಂದೆಳೆ ಬೆಳಕೂ ಇರಲಿಲ್ಲ.

ಕತ್ತಲಲ್ಲೇ ರೂಬೆನ್ ಕೇಳಿದ. "ಈ ಗೆಡ್ಡೆ ನಿಮ್ಮ ಅಂಗಳದ ಆ ಕೆಂಪು ಹೂವಿಂದಾ? ನಂಗೂ ಒಂದು ಕೊಡ್ತೀರಾ?"

ಆರ್ಡಿಸ್ ದಂಗಾದಳು. ಬೀದಿಯವರೆಲ್ಲ ವರ್ಷ ವರ್ಷವೂ ಆ ಹೂವನ್ನು ಹೊಗಳಿದ್ದರು. ಕೇಳಿದರೆ ಎಲ್ಲಿ ಸಣ್ಣತನವಾಗುತ್ತದೋ ಎಂದು ಅವರು ಬಾಯಿ ಬಿಡಲಿಲ್ಲ. ಯಾರಿಗೂ ಬೇಡವೇನೋ ಎಂದು ಅವಳು ಕೊಡಲಿಲ್ಲ. ತಾಯಿಯ ಹೂವು ಇಷ್ಟು ಕಾಲ ಒಂದೇ ಬಾಗಿಲನ್ನು ನಂಬಿ ಜೀವ ಹಿಡಿದಿದ್ದು ಅದಕ್ಕೇ. ಅವಳಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು.

"ಒಂದ್ಯಾಕೆ, ಒಂದು ಡಬ್ಬನೇ ತಗೊ."

"ಅಯ್ಯೋ, ಅಷ್ಟು ಬೇಡಮ್ಮ."

ಅವಳು ಎರಡನೇ ಸಲ ಕೇಳಲಿಲ್ಲ. ಡಬ್ಬವನ್ನು ಎತ್ತಿ ಅವನ ಕೈಗಿಟ್ಟಳು.

"ನಡಿ, ನಿನ್ನ ಗ್ಯಾರೇಜಿನ ಬಾಗಿಲು ಮುಚ್ಚಿ ದೀಪ ಆರಿಸಿ ನೋಡೋಣ."