ಪಟ್ಟಿಯ ಮೇಲಿನ ಕಪ್ಪು ಗೆರೆ

ಪ್ಯಾರೀಸ್ ಕಾರ್ನರ್ ಹಿಂದಿನ ಓಣಿಯಲ್ಲಿ ಕೊಟ್ರಪ್ಪನ ಅಂಗಡಿ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಬಾಗಿಲಲ್ಲೇ ಒಂದು ಪ್ಲಾಸ್ಟಿಕ್ ಬೆನ್ನೆಲುಬು ತೂಗಾಡುತ್ತಿರುತ್ತದೆ. ಸೊಂಟದ ಬೆಲ್ಟು, ಕತ್ತಿನ ಪಟ್ಟಿ, ಬೆನ್ನು ಸೊಟ್ಟಗಾಗುತ್ತಿರುವ ಮಕ್ಕಳಿಗೆ ಹಾಕುವ ಗಟ್ಟಿ ಕವಚ, ಎಲ್ಲವನ್ನೂ ಅಲ್ಲೇ ಅಳತೆ ತೆಗೆದು ಮಾಡಿಕೊಡುತ್ತಾನೆ. ಕೊಟ್ಟೂರಿನಿಂದ ಈ ತಮಿಳು ಊರಿಗೆ ಬಂದಾಗ ಏಳನೇ ಇಯತ್ತೆ ಮುಗಿಸಿದ್ದವನು. ಉಳಿದ ವಿದ್ಯೆಯೆಲ್ಲ ಡಾಕ್ಟರುಗಳ ಮಾತು ಕದ್ದು ಕೇಳಿ ಕಲಿತದ್ದು. ಗಿರಾಕಿ ಬಂದು ಕೂತರೆ ಸಾಕು, ತೂಗುವ ಬೆನ್ನನ್ನು ಹಿಡಿದು ಪುರಾಣ ಶುರು. ಕತ್ತಿಗೆ ಏಳು ಮಣಿ, ಎದೆಗೆ ಹನ್ನೆರಡು, ಸೊಂಟಕ್ಕೆ ಐದು. ಮಣಿ ಮಣಿಯ ನಡುವೆ ಮೆತ್ತೆ. ಬಿಗಿದು ಕಟ್ಟಲು ನಾರು, ಎಳೆದು ಹಿಡಿಯಲು ಸ್ನಾಯು. ಗುಡಾರದ ಕಂಬ ತನ್ನಷ್ಟಕ್ಕೆ ನಿಲ್ಲುತ್ತದೆಯೇ, ಸುತ್ತಲಿನ ಹಗ್ಗಗಳಲ್ಲವೇ ನಿಲ್ಲಿಸುವುದು ಎಂದು ಅವನು ಕೇಳಿದಾಗ ನೋವಿದ್ದವರೂ ತಲೆಯಾಡಿಸುತ್ತಿದ್ದರು.

ಹೊಲಿಗೆ ಮೆಷಿನ್ನಿನ ಹಿಂದೆ ಕೂತಿರುವವಳು ಅವನ ಹೆಂಡತಿ ಜಯದೇವಿ. ಅಂಗಡಿಯ ಹೊಲಿಗೆಯೆಲ್ಲ ಅವಳದು, ಮಾತೆಲ್ಲ ಅವನದು.

ಎರಡು ಸಾವಿರದ ಆರರ ಆ ಮಧ್ಯಾಹ್ನ ತ್ರಿಪ್ಲಿಕೇನಿನ ಮಧ್ವರಾಜ ಬಂದರು. ಜೊತೆಗೆ ಹೆಂಡತಿ ವೃಂದಾ, ಹನ್ನೆರಡು ವರ್ಷದ ಮಗಳು ಸುಮೇಧಾ. ಮಗುವಿನ ಕವಚ ಕೊಟ್ಟು ನಾಲ್ಕೇ ದಿನವಾಗಿತ್ತು. ಪಟ್ಟಿಯನ್ನು ಎಲ್ಲಿಯವರೆಗೆ ಎಳೆಯಬೇಕೆಂದು ಡಾಕ್ಟರು ಅದರ ಮೇಲೆ ಕಪ್ಪು ಗೆರೆ ಹಾಕಿ ಕಳಿಸಿದ್ದರು.

"ಪಾವಂ ಸಾರ್, ಪಾಪದ ಕೂಸು ರಾತ್ರಿಯೆಲ್ಲಾ ಅಳತ್ತೆ," ಎಂದರು ಮಧ್ವರಾಜ. "ಇವಳಮ್ಮನೋ ಗೆರೆ ಮುಟ್ಟೋವರೆಗೂ ಬಿಡೋದೇ ಇಲ್ಲ. ನೀವು ಒಂದೆರಡು ಬೆರಳು ಲೂಸ್ ಮಾಡಿ ಗೆರೆ ಹಾಕಿಕೊಡಿ."

ವೃಂದಾ ನೆಲ ನೋಡುತ್ತ ನಿಂತಿದ್ದಳು. ಎಂದಿನಂತೆ ಪುರಾಣಕ್ಕೆ ಶುರುಮಾಡಬೇಕಿದ್ದ ಕೊಟ್ರಪ್ಪ ಪಟ್ಟಿಯ ಮೇಲಿನ ಗೆರೆಗೆ ಬೆರಳು ಹಚ್ಚಿ ನೋಡಿದ. ಎರಡು ಬೆರಳು ಎಂದರೆ ಎಷ್ಟೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಎಂಟು ವರ್ಷದ ಹಿಂದೆ ಅವನ ಮಗಳು ಭವಾನಿಗೂ ಹನ್ನೊಂದರಲ್ಲಿ ಬೆನ್ನು ವಾಲತೊಡಗಿತ್ತು. ಎಕ್ಸ್‌ರೇಯಲ್ಲಿ ಇಪ್ಪತ್ತೆಂಟು ಡಿಗ್ರಿ. ಕವಚವನ್ನು ಅಪ್ಪನೇ ಮಾಡಿದ. ಬೆಳೆಯುವ ಎಲುಬನ್ನು ಅದು ನೆಟ್ಟಗೆ ಮಾಡುವುದಿಲ್ಲ, ಬೆಳವಣಿಗೆ ನಿಲ್ಲುವವರೆಗೆ ಇನ್ನಷ್ಟು ಬಾಗದಂತೆ ತಡೆಯುತ್ತದೆ ಎಂದು ಮನೆಯಲ್ಲೂ ಪುರಾಣ ಹೇಳಿದ. ದಿನಾ ಬೆಳಗ್ಗೆ ಪಟ್ಟಿ ಎಳೆಯುವ ಕೆಲಸ ಮಾತ್ರ ಜಯದೇವಿಯ ಪಾಲಿಗೆ ಬಂತು. ಅವಳು ಮಂಡಿಯೂರಿ ಕೂತು ಗೆರೆಗೆ ಗೆರೆ ಕೂಡುವಂತೆ ಎಳೆದು ಕಟ್ಟುವಳು. ಹುಡುಗಿ ಅಪ್ಪನ ಕಡೆ ನೋಡಿ ಅಳುವಳು.

ಪಕ್ಕೆಲುಬಿನ ಮೇಲೆ ಕೆಂಪು ಬರೆ ಕಂಡ ದಿನ ಕೊಟ್ರಪ್ಪ ಬಕ್ಕಲ್ ರಿಪೇರಿಯ ನೆವ ಹೇಳಿ ಕವಚವನ್ನು ಅಂಗಡಿಗೆ ತಂದ. ಥಿನ್ನರಿನಲ್ಲಿ ಡಾಕ್ಟರ ಗೆರೆ ಒರೆಸಿ, ಎರಡು ಬೆರಳು ಹಿಂದಕ್ಕೆ ಹೊಸದೊಂದು ಎಳೆದ. ಆರು ತಿಂಗಳಿಗೊಮ್ಮೆ ಡಾಕ್ಟರು ಗೆರೆ ಬದಲಿಸಿದರು. ಪ್ರತಿಸಲವೂ ಇವನು ಅದನ್ನು ಬದಲಿಸಿದ. ಮೂವತ್ತನಾಲ್ಕು ಡಿಗ್ರಿ, ನಲವತ್ತೊಂದು, ಕೊನೆಗೆ ಐವತ್ತೆರಡು. ಹದಿನಾಲ್ಕಕ್ಕೆ ಆಪರೇಷನ್ನಾಗಿ ಬೆನ್ನಿಗೆ ಎರಡು ಕಂಬಿ ಕೂತವು. ಕೆಲವು ಬೆನ್ನು ಕವಚದ ಮಾತೂ ಕೇಳುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಬಿಗಿಯಾಗಿದ್ದರೆ ನಿಲ್ಲುತ್ತಿತ್ತೋ ಏನೋ, ಅದನ್ನು ತೋರಿಸುವ ಎಕ್ಸ್‌ರೇ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಜಯದೇವಿ ಮಾತ್ರ, ನನ್ನ ಕೈ ಎಲ್ಲೋ ಸಡಿಲಾಯಿತು ಎಂದು ತನ್ನನ್ನೇ ಬೈದುಕೊಂಡಳು. ಮಗಳು ಆಮೇಲೆ ತಾಯಿಗೆ ತಲೆ ಬಾಚಲೂ ಕೊಡಲಿಲ್ಲ. ಈಗ ಕಾಲೇಜಿನಿಂದ ಐದಕ್ಕೆ ಅಂಗಡಿಗೆ ಬಂದರೂ ಹೊಸ್ತಿಲಲ್ಲೇ "ಅಪ್ಪಾ" ಅನ್ನುವಳು, ಆ ಒಂದೇ ಹೆಸರು. ಕೊಟ್ರಪ್ಪ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದ, ಇಷ್ಟು ವರ್ಷ.

"ಏನ್ ಸಾರ್, ಆಗತ್ತಲ್ವಾ?" ಮಧ್ವರಾಜ ಮತ್ತೆ ಕೇಳಿದರು.

"ಆಗತೈತ್ರೀ. ಆಗತೈತಿ ಅನ್ನೋದ ಕಷ್ಟ," ಎಂದ ಕೊಟ್ರಪ್ಪ. ಹೆಂಡತಿಯ ಕಡೆ ಬೆನ್ನು ಮಾಡಿ ನಿಂತಿದ್ದ. ಎದುರಿಗಿದ್ದರೆ ಬಹುಶಃ ಹೇಳುತ್ತಿರಲಿಲ್ಲ. "ನನ್ನ ಮಗಳ ಪಟ್ಟಿ ಮ್ಯಾಲಿನ ಗೆರಿ ನಾನು ಅಳಿಸೀನ್ರೀ. ಇದ ಮೇಜಿನ ಮ್ಯಾಲೆ. ಎರಡು ಬೆರಳು ಹಿಂದಕ್ಕ ಹಾಕಿದೆ. ನಮ್ಮ ಮನಿಯಾಕಿಗೆ ಗೊತ್ತಿಲ್ಲ. ಆಕಿ ಮೂರು ವರ್ಷ ಸುಳ್ಳು ಗೆರಿಗೆ ಎಳದ್ಲು, ಮಗಳ ಕೈಲೆ ಬೈಸ್ಕೊಂಡ್ಲು. ನಾನು ಒಳ್ಳೆ ಅಪ್ಪ ಆಗಿ ಕುಂತೆ."

ಮೆಷಿನ್ನು ನಿಂತಿತು.

ಜಯದೇವಿ ಎದ್ದು ಬಂದಳು. ಗಂಡನ ಮುಖ ನೋಡಲಿಲ್ಲ. ಸುಮೇಧಾಳನ್ನು ತಿರುಗಿಸಿ ನಿಲ್ಲಿಸಿ, ಕವಚ ಬಿಚ್ಚಿ, ಒಳಗಿನ ಬನಿಯನ್ನನ್ನು ಹೊಲಿಗೆ ಹೊರಗೆ ಬರುವಂತೆ ಮಗುಚಿ ಹಾಕಿಸಿ, ಒಂದು ಸುಕ್ಕೂ ಉಳಿಯದಂತೆ ಸವರಿದಳು. ಕಚ್ಚುವುದು ಸುಕ್ಕು, ಪಟ್ಟಿಯಲ್ಲ ಎಂದು ವೃಂದಾಗೆ ತೋರಿಸಿಕೊಟ್ಟಳು. ಆಮೇಲೆ ಪಟ್ಟಿಯ ತುದಿಯನ್ನು ಮಧ್ವರಾಜರ ಕೈಗೆ ಕೊಟ್ಟಳು.

"ದಿನಾ ನೀವ ಎಳೀರಿ. ಆ ತಾಯಿ ಕೈಯಾಗ ಕೊಡಬ್ಯಾಡ್ರಿ."

ಮಧ್ವರಾಜ ಎಳೆದರು. "ವಲಿಕ್ಕುದುಪ್ಪಾ," ನೋಯುತ್ತದಪ್ಪಾ ಎಂದು ಹುಡುಗಿ ತಮಿಳಿನಲ್ಲಿ ನರಳಿದಳು. ಅವರ ಕೈ ಅಲ್ಲೇ ನಿಂತಿತು.

"ಇನ್ನೂ ಎರಡು ಬೆರಳು ಐತ್ರಿ," ಎಂದಳು ಜಯದೇವಿ.

ಅವರು ಕಣ್ಣು ಮುಚ್ಚಿಕೊಂಡು ಎಳೆದರು. ಗೆರೆ ಕೂಡಿತು.

ಅವರು ಹೋದ ಮೇಲೆ ಜಯದೇವಿ ಮತ್ತೆ ಮೆಷಿನ್ನಿಗೆ ಕೂತಳು. ಬೈದಾಳೆಂದು ಕೊಟ್ರಪ್ಪ ಕಾದ. ಬೈದಿದ್ದರೆ ಹಗುರವಾಗುತ್ತಿದ್ದ. ಅವಳು ಒಂದು ಬೆಲ್ಟು ಪೂರ್ತಿ ಹೊಲಿದು ಮುಗಿಸಿ, ಹಲ್ಲಲ್ಲಿ ದಾರ ಕಡಿದು ಹೇಳಿದಳು: "ಯಾರೋ ಬ್ಯಾರೇದೋರಿಗೆ ಹೇಳಿದ್ರಿ. ಭವಾನಿಗೂ ನೀವ ಹೇಳ್ರಿ. ಇವತ್ತ."

"ಹೇಳತೀನಿ," ಎಂದ. ಹೇಳಿದರೆ ಆ "ಅಪ್ಪಾ" ಇನ್ನು ಕೇಳುತ್ತದೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಕೇಳುವ ಹಕ್ಕೂ ತನಗಿಲ್ಲವೆನ್ನಿಸಿತು.

ಐದಕ್ಕೆ ಓಣಿಯ ತುದಿಯಲ್ಲಿ ಭವಾನಿ ಕಂಡಳು. ಕಂಬಿಯ ಬೆನ್ನು ತಿರುಗುವುದಿಲ್ಲ. ಪಕ್ಕಕ್ಕೆ ಬಂದ ಸೈಕಲ್ ನೋಡಲೂ ಇಡೀ ಮೈ ತಿರುಗಿಸಿದಳು. ಕೊಟ್ರಪ್ಪ ತನ್ನ ಮೇಜಿನ ಪಕ್ಕದಲ್ಲಿ ಮಗಳು ದಿನಾ ಕೂರುವ ಸ್ಟೂಲನ್ನು ಎತ್ತಿಕೊಂಡು ಹೋಗಿ ಜಯದೇವಿಯ ಮೆಷಿನ್ನಿನ ಪಕ್ಕ ಹಾಕಿದ. ತಾನು ನಿಂತೇ ಇದ್ದ.