ಬಿಳಿ ಬಟ್ಟೆಗೆ ಹತ್ತಿದ ಕೆಂಪು

ಹಿಂದೆ ಕೆಲಸ ಮಾಡಿದವನನ್ನು ಬೈಯದೆ ಕುಮಾಸಿ ನಗರದ ಸುವಾಮೆ ಬಡಾವಣೆಯ ಗ್ಯಾರೇಜುಗಳಲ್ಲಿ ಯಾರೂ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಕಾರಿಗೆ ಬಣ್ಣ ಹೊಡೆಯುವ ಅಸಾರೆಗಂತೂ ಆ ಬೈಗುಳ ಬಾಯಿಪಾಠ.

ಅಂದು ನಿವೃತ್ತ ಟೀಚರ್ ಸೆರ್ವಾ ಅಮ್ಮ, ತೀರಿಹೋದ ಗಂಡನ ಮಾಸಿದ ಕೆಂಪು ಕಾರು ತಂದಿದ್ದರು. ಅವರು ತೀರಿ ವರ್ಷ ತುಂಬುವ ದಿನದ ಪ್ರಾರ್ಥನೆಯ ಹೊತ್ತಿಗೆ ಅದು ಮಿಂಚಬೇಕಿತ್ತು.

"ಮೇಲೆ ಕ್ಲಿಯರ್ ಕೋಟ್ ಇದೆಯಾ, ನೋಡಪ್ಪ."

ಅಸಾರೆ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಬಾಗಿಲ ಕೆಳಮೂಲೆಯಲ್ಲಿ ಉಜ್ಜಿದ. ಕ್ಲಿಯರ್ ಕೋಟ್ ಎಂಬ ಗಾಜಿನಂಥ ಪದರ ಮೇಲಿದ್ದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಬಟ್ಟೆ ಕೆಂಪಗಾಯಿತು. ಅದನ್ನು ಎತ್ತಿ ಅಕ್ಕಪಕ್ಕದ ಶೆಡ್ಡಿನವರಿಗೆಲ್ಲ ತೋರಿಸಿದ.

"ನೋಡ್ರೋ, ಬರೀ ಬಣ್ಣ ಬಳಿದು ಕೈ ತೊಳ್ಕೊಂಡಿದ್ದಾನೆ. ಯಾವ ಕಳ್ಳನಮ್ಮಾ ನಿಮಗೆ ಟೋಪಿ ಹಾಕಿದ್ದು? ಇಂಥವರಿಂದಲೇ ನಮ್ಮ ಕಸುಬಿನ ಮರ್ಯಾದೆ ಹೋಗೋದು."

ಎಲ್ಲರೂ ನಕ್ಕರು. ಸೆರ್ವಾ ಅಮ್ಮ ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ ಹೇಳಿದರು. "ನೀನೇ ಕಣಪ್ಪ. ಹನ್ನೆರಡು ವರ್ಷ ಆಯ್ತು. ಎರಡು ಸಲ ಕ್ಲಿಯರ್ ಹೊಡೆದಿದ್ದೀನಿ ಅಂದಿದ್ದೆ. ನಮ್ಮ ಯಜಮಾನ್ರು ಸಾಯೋವರೆಗೂ ಎಲ್ಲರಿಗೂ ಒಳ್ಳೇ ಕೆಲಸಗಾರ ಅಂತ ನಿನ್ನ ಹೆಸರೇ ಹೇಳ್ತಿದ್ರು."

ಅಸಾರೆ ಎತ್ತಿ ಹಿಡಿದಿದ್ದ ಬಟ್ಟೆಯನ್ನು ಬಲ ಮುಷ್ಟಿಯಲ್ಲಿ ಮುದುಡಿಕೊಂಡ.

"ಯಾರಂತೋ ಆ ಕಳ್ಳ?" ಪಕ್ಕದ ಶೆಡ್ಡಿನ ವೆಲ್ಡರ್ ಕೂಗಿ ಕೇಳಿದ.

"ಹೆಸರು ಮರೆತೇಹೋಗಿದೆಯಪ್ಪ," ಎಂದು ಸೆರ್ವಾ ಅಮ್ಮನೇ ಉತ್ತರ ಕೊಟ್ಟು, ಅಸಾರೆಯ ಮುಂದೆ ಕಾರಿನ ಕೀಲಿ ಚಾಚಿದರು. "ಈ ಸಲ ಸರಿಯಾಗಿ ಮಾಡು."

ಅಸಾರೆಯ ಬಲಗೈಯೆಲ್ಲ ಕೆಂಪು ಮೆತ್ತಿತ್ತು. ಎಡಗೈ ಒಡ್ಡಿದರೆ ಹಿರಿಯರಿಗೆ ಅವಮಾನ. ಅಸಾರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತ. ಕೀಲಿ ಚಾಚಿದ ಕೈ ಹಾಗೇ ಕಾಯುತ್ತಿತ್ತು.