ಗೊಟಿಲ್ಲಾ

ಹಿಂಗಾಲು ಮುರಿಯದಂತೆ ಹೆಣ್ಣನ್ನು ತಿರುಗಿಸಬೇಕಿತ್ತು. ಪದ್ಮಶ್ರೀ ಉಸಿರು ಬಿಗಿಹಿಡಿದು ಸೂಜಿಯನ್ನು ಅರ್ಧ ಸುತ್ತು ತಿರುವಿದಳು. ಸೂಜಿಗೆ ಚುಚ್ಚಿಟ್ಟ ಪೊದೆಮಿಡತೆ ಬೆನ್ನು ತೋರಿಸಿ ನಿಂತಿತು. ತೊಂಬತ್ತು ವರ್ಷದಿಂದ ಅದಕ್ಕೆ ನಿಲ್ಲುವುದೇ ಕೆಲಸ.

ಜಾತಿ ಗುರುತಿಸುವುದು ಗಂಡಿನಿಂದ. ರೆಕ್ಕೆ ಉಜ್ಜಿ ಹಾಡುವುದು ಅದು. ಹೆಣ್ಣಿಗೆ ಹಾಡಿಲ್ಲ. 'ಗೊಟಿಲ್ಲಾ' ಜಾತಿಯ ಗಂಡನ್ನು ಯಾರೂ ಕಂಡಿಲ್ಲ. ಹೆಬ್ಬಾಳದ ಈ ಮ್ಯೂಸಿಯಮ್ಮಿನಲ್ಲಿರುವ ಹೆಣ್ಣೊಂದೇ ಜಗತ್ತಿಗೆಲ್ಲ.

"ಪಕ್ಕದ್ ಜಾತಿಗೆ ಸೇರಿಸ್ಬಿಡಿ ಮೇಡಂ," ಎಂದರು ಮುಖ್ಯಸ್ಥ ನಾಗಭೂಷಣ, ಬಾಗಿಲಿನಿಂದಲೇ. "ಗಂಡಿಲ್ದೆ ಅದೆಂಥಾ ಬೇರೆ ಜಾತಿ? ಐದ್ ಗಂಟೆಗೆ ಜಾತಿಗಳ ಪಟ್ಟಿ ಹೋಗ್ಬೇಕು."

"ನೋಡ್ತೀನಿ ಸರ್."

"ನೋಡೋಕೇನಿದೆ ಕಣ್ರೀ, ಒಂದ್ ಹೆಸ್ರು ಹೊಡೆದಾಕೋದು."

ಫೋನ್ ಬಂತು. ಗಂಡ ಮಹೇಂದ್ರ.

"ಹೊಸ ಮನೆ ಬೋರ್ಡಿಗೆ 'ಮಹೇಂದ್ರ ಅಂಡ್ ಫ್ಯಾಮಿಲಿ' ಅಂತ ಬರೆಸ್ತಿದೀನಿ. ನಿನ್ ಹೆಸ್ರೂ ಹಾಕಿದ್ರೆ ಅಕ್ಷರ ಚಿಕ್ಕದಾಗತ್ತೆ."

"ಯಾವ ಫ್ಯಾಮಿಲಿ?" ಹುಳುಗಳಿಗೆ ಫ್ಯಾಮಿಲಿ ಹಚ್ಚುವ ಅಭ್ಯಾಸಬಲದಿಂದ ಕೇಳಿದಳು.

"ತಮಾಷೆ ಬೇಡ. ಓಕೆ ತಾನೆ?"

"ಹ್ಞೂಂ."

ಸೂಜಿಯ ಬುಡದಲ್ಲಿ, ಹೆಸರಿನ ಚೀಟಿಯ ಕೆಳಗೆ, ಮಡಚಿದ ಇನ್ನೊಂದು ಚೀಟಿಯಿತ್ತು. ಇಕ್ಕಳದಿಂದ ಬಿಡಿಸಿದಳು. ಈ ಜಾತಿಗೆ ಹೆಸರಿಟ್ಟ ಬ್ರಿಟಿಷ್ ದೊರೆಯ ಇಂಗ್ಲಿಷ್ ಕೈಬರಹ: ಯಲಹಂಕ, ೧೯೩೨. ಹುಳುವಿನ ಹೆಸರೇನೆಂದು ರೈತನನ್ನು ಕೇಳಲಾಗಿ, 'ಗೊಟಿಲ್ಲಾ' ಎಂದನು.

ಆ ಹೆಸರು ಲ್ಯಾಟಿನ್ ಎಂದು ನಂಬಿದ್ದಳು. ಗಟ್ಟಿಯಾಗಿ ಓದಿದಾಗ ಹೊಲದಲ್ಲಿ ನಿಂತವನ ದನಿಯೇ ಕೇಳಿಸಿತು: ಗೊತ್ತಿಲ್ಲ.

ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೇಳಿಕೊಳ್ಳಲು ಯಾರೂ ನೆನಪಾಗಲಿಲ್ಲ. ಆಮೇಲೆ ನಗು ನಿಂತಿತು.

ಹೆಸರಿಟ್ಟಾಗ ತೆಗೆದಿಟ್ಟ ಮೂಲ ಮಾದರಿಯನ್ನು ನೋಡದೆ ಯಾವ ಜಾತಿಯನ್ನೂ ಇನ್ನೊಂದಕ್ಕೆ ಸೇರಿಸುವಂತಿಲ್ಲ. ಅದು ನಿಯಮ.

ಊಟದ ಡಬ್ಬಿಯಲ್ಲಿ ಒಂದು ಇಡ್ಲಿ ಉಳಿದಿತ್ತು. ಪದ್ಮಶ್ರೀ ಮಿಡತೆಯಿದ್ದ ಸೂಜಿಯನ್ನು ಅದರ ನಡುವೆ ನೆಟ್ಟಳು. ಇಡ್ಲಿ ಚೆನ್ನಾಗಿ ಹಿಡಿದುಕೊಂಡಿತು. ಮುಚ್ಚಳ ಹಾಕಿ, ಪಟ್ಟಿಯಲ್ಲಿ 'ಗೊಟಿಲ್ಲಾ' ಎಂಬುದರ ಮುಂದೆ ಬರೆದಳು: ಮಾದರಿ ಸಿಗಲಿಲ್ಲ.

"ಆಯ್ತಾ ಮೇಡಂ?"

"ಆಯ್ತು ಸರ್."

ವಿದ್ಯಾರಣ್ಯಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೊಡಿಗೇಹಳ್ಳಿಯ ರೋಡ್ ಹಂಪಿನ ಮೇಲೆ ಬಸ್ಸು ಕುಪ್ಪಳಿಸಿತು. ತೊಡೆಯ ಮೇಲಿನ ಡಬ್ಬಿಯೊಳಗೆ ಸೂಜಿಯ ತಲೆ ಮುಚ್ಚಳಕ್ಕೆ ಬಡಿಯಿತು. ಟಣ್. ಮತ್ತೆ, ಟಣ್ ಟಣ್.

ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದು ಕೂತಿದ್ದ ಅಜ್ಜಿ ಬಗ್ಗಿ ನೋಡಿದಳು.

"ಏನಮ್ಮಾ ಅದು, ಇಂಗೆ ಬಡ್ಕೊಳ್ತೈತೆ?"

"ಗೊತ್ತಿಲ್ಲ," ಎಂದಳು ಪದ್ಮಶ್ರೀ.

ಅಜ್ಜಿ ಚೀಲವನ್ನು ಎದೆಗವಚಿಕೊಂಡು ಒಂದಿಷ್ಟು ಆಚೆ ಸರಿದಳು. ರಸ್ತೆ ಕೆಟ್ಟಿತ್ತು. ಹೆಣ್ಣು ಮನೆಯವರೆಗೂ ಹಾಡುತ್ತಲೇ ಇತ್ತು.